ಕಟ್ಟಿನ ತಾತ ಕಳಿಸಿದ ತಂತಿ

ಹೋದ ವಾರ ಪಾವಗಡದ ಕಡೆಯ ಹೆಂಗಸೊಬ್ಬಳು ನನ್ನ ಕ್ಲಿನಿಕ್ಕಿಗೆ ಬಂದಳು. ಬಾಗಿಲು ದಾಟುವ ಮೊದಲೇ ಅವಳ ಮುರಿದ ಕೈಯ ವಾಸನೆ ಒಳಗೆ ಬಂತು. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಲೋಳೆ, ಹಳೆಯ ಸೀರೆಯ ಬಟ್ಟೆ, ಇವು ಮೂರೂ ಸೇರಿ ಒಣಗಿದರೆ ಒಂದು ಹಸಿಹಸಿ ವಾಸನೆ ಏಳುತ್ತದೆ. ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ. ಈಗೆಲ್ಲ ಜನ ನೇರವಾಗಿ ಪ್ಲಾಸ್ಟರಿಗೇ ಬರುತ್ತಾರೆ, ಆ ವಾಸನೆ ಕುಡಿದು ಎಷ್ಟೋ ವರ್ಷವಾಗಿತ್ತು. ಯಾರಮ್ಮ ಕಟ್ಟಿದ್ದು ಎಂದು ಕೇಳಿದೆ. ತನ್ನ ಅವ್ವ ಕಟ್ಟಿದಳೆಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿ, ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿದಳು. ನಾನು ಬೈಯಲಿಲ್ಲ. ಅವಳ ಬೆರಳಿನ ಉಗುರು ಒತ್ತಿ ಬಿಟ್ಟೆ. ಬಿಳಿಚಿದ ಉಗುರಿಗೆ ಕೆಂಪು ವಾಪಸು ಬಂತು. ಕಟ್ಟು ಸಡಿಲವಾಗಿ, ಎಷ್ಟಿರಬೇಕೋ ಅಷ್ಟೇ ಇತ್ತು. ಚೆನ್ನಾಗಿ ಕಟ್ಟಿದ್ದಾರೆ ಎಂದೆ. ಅವಳಿಗೆ ಆಶ್ಚರ್ಯವಾಯಿತು. ನಾನು ಮಾತ್ರ ಬಾಗಿಲು ಹಾಕಿಕೊಂಡು ಕೂತು, ಉಳಿದ ರೋಗಿಗಳನ್ನು ಅರ್ಧ ಗಂಟೆ ಕಾಯಿಸಿದೆ...

ನಮ್ಮದು ಕುರಿ ಕಾಯುವವರ ಹಟ್ಟಿ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ಎರಡು ಮೈಲಿ ನಡೆಯಬೇಕು. ಆ ಹಟ್ಟಿಯಲ್ಲಿ ಮುರಿದ ಮೂಳೆ ಕೂಡಿಸುವ ಮುದುಕನೊಬ್ಬನಿದ್ದ. ಎಲ್ಲರೂ ಅವನನ್ನು ಕಟ್ಟಿನ ತಾತ ಎನ್ನುತ್ತಿದ್ದರು. ನಮ್ಮ ಮನೆಗೂ ಅವನ ಗುಡಿಸಲಿಗೂ ನಡುವೆ ಒಂದು ಕುರಿ ರೊಪ್ಪವಷ್ಟೇ ಇತ್ತು. ಶಿರಾದ ಸಾಬರು, ಕೊರಟಗೆರೆಯ ಅಂಗಡಿಯವರು, ತಾವರೆಕೆರೆ ಕಡೆಯ ರೈತರು, ಎಲ್ಲರೂ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮೂಳೆ ಮುರಿದವರನ್ನು ಮಲಗಿಸಿಕೊಂಡು ಬರುತ್ತಿದ್ದರು. ನಾನು ಎಂಟು ವರ್ಷದವನಿದ್ದಾಗ ಬಂಡೆಯಿಂದ ಜಾರಿ ಎಡಗೈ ಮುರಿದುಕೊಂಡಿದ್ದೆ, ಅದನ್ನು ಕೂಡಿಸಿದ್ದೂ ಅವನೇ. ಅದೇ ಕೈಯಿಂದ ಮುಂದೆ ನೂರಾರು ಜನರ ಮೂಳೆ ಹಿಡಿದೆ. ಎಲ್ಲಿ ಮುರಿದಿತ್ತೆಂದು ಇವತ್ತು ಎಕ್ಸ್‌ರೇ ತೆಗೆದರೂ ಹುಡುಕಬೇಕು.

ಅವನ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು. ಮೊದಲ ಮೂರು ದಿನ ಬಿಗಿದು ಕಟ್ಟುವಂತಿಲ್ಲ. ಸೊಪ್ಪು ಅರೆದು ಹಚ್ಚಿ, ಬಟ್ಟೆ ಸುತ್ತಿ, ಕೈಯಾದರೆ ದಿಂಬಿನ ಮೇಲೆ ಎತ್ತಿ ಇಡಿಸುತ್ತಿದ್ದ. ದಿನಕ್ಕೆ ಹತ್ತು ಸಲ ಬಂದು ಉಗುರು ಒತ್ತಿ ನೋಡುತ್ತಿದ್ದ. ಊತ ಇಳಿದ ಮೇಲೆಯೇ ಎಳೆದು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಗಟ್ಟಿ ಕಟ್ಟು. ಎರಡನೆಯ ಕಟ್ಟಳೆ ಇನ್ನೂ ಖಡಕ್ಕು. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟಕೂಡದು. ಒಳಗೆ ಮೂಳೆ ಹೇಗೆ ಕೂತಿದೆಯೆಂದು ಕಟ್ಟಿದವನಿಗೆ ಮಾತ್ರ ಗೊತ್ತಿರುತ್ತದೆ ಎನ್ನುವುದು ಅವನ ವಾದ. ತಾನೂ ಅಷ್ಟೇ, ಶಿರಾದಲ್ಲಿ ಇನ್ನೊಬ್ಬರು ಕಟ್ಟಿದ್ದನ್ನು ತಂದು ತೋರಿಸಿದರೆ ಅವರ ಹತ್ತಿರವೇ ವಾಪಸು ಕಳಿಸುತ್ತಿದ್ದ. ನಮ್ಮ ಹಟ್ಟಿಯಲ್ಲಿ ಇದು ದೇವರ ಮೇಲಿನ ಆಣೆಯಷ್ಟೇ ಗಟ್ಟಿಯಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪಿ.ಜಿ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಸುಳ್ಳು, ದುಡಿಯುತ್ತಿದ್ದೆ. ಮೊದಲ ವರ್ಷದ ಪಿ.ಜಿ. ಎಂದರೆ ಆಸ್ಪತ್ರೆಯ ಎತ್ತು. ನಮ್ಮ ವಿಭಾಗದ ಚೀಫ್ ರೌಂಡ್ಸಿಗೆ ಬರುವ ಹೊತ್ತಿಗೆ ಅರವತ್ತು ಹಾಸಿಗೆ ನೋಡಿ ಮುಗಿಸಿರಬೇಕು, ಕಾಲಿಗೆ ತೂಗುಬಿಟ್ಟ ಮರಳಿನ ಚೀಲಗಳ ತೂಕ ಸರಿಯಿರಬೇಕು, ಒದ್ದೆ ಎಕ್ಸ್‌ರೇ ಫಿಲಮ್ಮುಗಳು ದಾರದ ಮೇಲೆ ಒಣಗಿರಬೇಕು. ಮೂರು ದಿನ ಎಡೆಬಿಡದೆ ಡ್ಯೂಟಿ, ನಾಲ್ಕನೆಯ ದಿನ ಅರ್ಧ ಬಿಡುವು. ಪ್ಲಾಸ್ಟರ್ ಸುಣ್ಣಕ್ಕೆ ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು, ಮೆಸ್ಸಿನಲ್ಲಿ ಅನ್ನ ಕಲಸಿದರೆ ಉರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪ್ಲಾಸ್ಟರ್ ಕೋಣೆಯ ಮೇಜೇ ನಮ್ಮ ಮಂಚ. ಒಮ್ಮೆ ನನ್ನ ಜೊತೆಯವನೊಬ್ಬ ಆಪರೇಷನ್ ನಡುವೆ ಕಾಲು ಹಿಡಿದು ನಿಂತಿದ್ದವನು ಹಾಗೇ ಕುಸಿದುಬಿದ್ದ. ಚೀಫ್ ತಲೆಯೆತ್ತದೆ ಅವನನ್ನು ಪಕ್ಕಕ್ಕೆ ಎಳೆಯಿರಿ ಎಂದರು, ನಾನು ಹೋಗಿ ಅವನ ಜಾಗದಲ್ಲಿ ನಿಂತೆ. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಅದರಲ್ಲಿ ಎತ್ತುವಂಥದ್ದು ಏನಿದೆ ಎಂದು ನನಗೂ ಅನ್ನಿಸಲಿಲ್ಲ, ನೋಡಿ, ಅದು ಇವತ್ತು ಗಾಬರಿ ಹುಟ್ಟಿಸುತ್ತದೆ.

ಹಳ್ಳಿಯಲ್ಲಿ ಮೂಳೆ ಕಟ್ಟುವವರನ್ನು ಕಂಡರೆ ಚೀಫ್‌ಗೆ ಮೈಯೆಲ್ಲ ಉರಿ. ಅದು ಸುಮ್ಮನೆ ಬಂದ ಉರಿಯಲ್ಲ. ಬಿಗಿ ಕಟ್ಟಿನೊಳಗೆ ಕೊಳೆತ ಕೈಕಾಲುಗಳು ಆಗಾಗ ಬರುತ್ತಿದ್ದವು, ಕತ್ತರಿಸುವ ಪಾಪ ಅವರ ಪಾಲಿಗೆ ಬೀಳುತ್ತಿತ್ತು. ಅವರ ಉರಿ ನನಗೂ ಅಂಟಿತು. ನನ್ನ ಎಡಗೈ ಕೂಡಿಸಿದ್ದು ಯಾರು ಎಂದು ಆ ಆಸ್ಪತ್ರೆಯಲ್ಲಿ ನಾನು ಒಬ್ಬರಿಗೂ ಹೇಳಿರಲಿಲ್ಲ.

ಆ ವರ್ಷ ಶಿವರಾತ್ರಿಗೆ ಎರಡು ದಿನ ರಜೆ ಸಿಕ್ಕಿತು. ಗುರುವಾರ ಮಧ್ಯಾಹ್ನ ಹಟ್ಟಿ ಸೇರಿದೆ. ಅದು ಹುಣಸೆ ಬಡಿಯುವ ಕಾಲ. ನಮ್ಮ ಸೀಮೆಯಲ್ಲಿ ಆ ತಿಂಗಳು ಮರದಿಂದ ಬೀಳುವವರ ತಿಂಗಳೂ ಹೌದು. ನಾನು ಮನೆಯಲ್ಲಿ ಇನ್ನೂ ಕಾಲು ತೊಳೆದಿರಲಿಲ್ಲ, ನನ್ನ ಗೆಳೆಯ ಮರದಿಂದ ಬಿದ್ದನೆಂದು ಸುದ್ದಿ ಬಂತು. ನಾಲ್ಕನೆಯ ಕ್ಲಾಸಿನವರೆಗೆ ನನ್ನ ಪಕ್ಕದಲ್ಲಿ ಕೂತು, ಆಮೇಲೆ ಸ್ಕೂಲು ಬಿಟ್ಟು ಕಂಬಳಿ ಮಗ್ಗಕ್ಕೆ ಕೂತವನು. ಹಟ್ಟಿಯಲ್ಲಿ ಅವನಷ್ಟು ನುಣ್ಣಗೆ ಕಂಬಳಿ ನೇಯುವವರು ಇರಲಿಲ್ಲ. ಬಲಗೈ ಮುಂಗೈಯ ಎರಡೂ ಮೂಳೆ ಮುರಿದಿದ್ದವು.

ನಾನು ಓಡಿಹೋದಾಗ ತಾತ ಆಗಲೇ ಬಂದು ಸೊಪ್ಪು ಹಚ್ಚಿ, ಸಡಿಲವಾಗಿ ಬಟ್ಟೆ ಸುತ್ತಿ ಕೂತಿದ್ದ. ಗೆಳೆಯ, ಅವನ ತಾಯಿ, ತಾತ, ಮೂವರೇ ಇದ್ದದ್ದು; ಉಳಿದ ಜನವೆಲ್ಲ ಹುಣಸೆ ತೋಪಿನಲ್ಲಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಆ ಬಟ್ಟೆ ನೋಡಿ ನಕ್ಕೆ. ಇದೇನು ತಾತ, ಮಗುವಿಗೆ ಕುಲಾವಿ ಕಟ್ಟಿದ ಹಾಗೆ ಕಟ್ಟಿದ್ದೀಯ, ಮೂಳೆ ಸೊಟ್ಟಗೆ ಕೂಡಿಕೊಂಡರೆ ಇವನು ಲಾಳಿ ಎಸೆಯುವುದು ಹೇಗೆ ಎಂದೆ. ಮೂರು ದಿನ ತಡೆ ಮಗ, ಊತ ಏರೋ ಹೊತ್ತು ಇದು ಎಂದ ತಾತ. ನಾನು ತಡೆಯಲಿಲ್ಲ. ಅವನು ಕಟ್ಟಿದ್ದನ್ನು ಬಿಚ್ಚಿಹಾಕಿ, ಗೆಳೆಯನ ಕೈ ಎಳೆದು ಮೂಳೆ ಕೂಡಿಸಿದೆ. ಚೆನ್ನಾಗಿಯೇ ಕೂಡಿತು, ಅದರಲ್ಲಿ ತಪ್ಪಿಲ್ಲ. ತಾತನ ದಬ್ಬೆಗಳನ್ನೇ ಇಟ್ಟು, ಅಲುಗದ ಹಾಗೆ ಬಿಗಿದು, ಥಿಯೇಟರಿನಲ್ಲಿ ಕಲಿತ ಗಂಟು ಹಾಕಿದೆ. ತಾತ ಎಂದೂ ಗಂಟು ಹಾಕುತ್ತಿರಲಿಲ್ಲ, ಬಟ್ಟೆಯ ತುದಿ ಸಿಕ್ಕಿಸುತ್ತಿದ್ದ.

ಊತ ಏರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆಸ್ಪತ್ರೆಯಲ್ಲಿ ನಾವು ಕಟ್ಟಿ ಮುಂದಿನ ರೋಗಿಗೆ ಹೋಗುತ್ತಿದ್ದೆವು. ಬೆರಳು ನೀಲಿಯಾಯಿತೇ ಎಂದು ನೋಡುವುದು ನರ್ಸುಗಳ ಕೆಲಸ. ಅವರು ಕರೆದರೆ ಹೋಗಿ ಸಡಿಲಿಸುತ್ತಿದ್ದೆವು. ಹಟ್ಟಿಯಲ್ಲಿ ನರ್ಸಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಷ್ಟು ಸಾಲದೆಂದು, ತಾತ ಹಿಂದಿನಿಂದ ಬಂದು ನನ್ನ ಕಟ್ಟು ಕೆಡಿಸಿಯಾನೆಂದು ಹೆದರಿ ಅವನ ಮುಂದೆಯೇ ಗೆಳೆಯನ ತಾಯಿಗೆ ಹೇಳಿದೆ.

“ಕಟ್ಟಿದ ಕೈಯೇ ಬಿಚ್ಬೇಕು ಅನ್ನೋದು ತಾತನ ಮಾತೇ ತಾನೆ? ಈಗ ಕಟ್ಟಿರೋನು ನಾನು. ಭಾನುವಾರ ನಾನೇ ಬಂದು ನೋಡ್ತೀನಿ. ಅಲ್ಲೀ ತನಕ ತಾತ ಆಗ್ಲಿ ಯಾರೇ ಆಗ್ಲಿ ಕೈ ಹಾಕಂಗಿಲ್ಲ.”

ತಾತನ ಕಟ್ಟಳೆಯಿಂದಲೇ ಅವನ ಕೈ ಕಟ್ಟಿದ್ದೆ. ಅವನು ತನ್ನ ಸೊಪ್ಪಿನ ಬಟ್ಟಲು ಎತ್ತಿಕೊಂಡು ಎದ್ದುಹೋದ.

ಶುಕ್ರವಾರ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ಆಸ್ಪತ್ರೆಯ ಗೇಟಿನಲ್ಲೇ ಗೊತ್ತಾಯಿತು, ದಿಬ್ಬಣದ ಲಾರಿಯೊಂದು ಮಗುಚಿ ಮೂವತ್ತು ನಲವತ್ತು ಜನ ಬಂದಿದ್ದರು. ಬ್ಯಾಗು ಪ್ಲಾಸ್ಟರ್ ಕೋಣೆಯ ಮೂಲೆಗೆ ಎಸೆದವನು ಮತ್ತೆ ಅದನ್ನು ನೋಡಿದ್ದು ಸೋಮವಾರ. ಶನಿವಾರ ಮಧ್ಯಾಹ್ನ ಎರಡು ಆಪರೇಷನ್ನುಗಳ ನಡುವೆ ಹಾಸ್ಟೆಲಿನ ಜವಾನ ಥಿಯೇಟರಿನ ಬಾಗಿಲಿಗೆ ಬಂದು ಒಂದು ತಂತಿ ಕೊಟ್ಟ. ತಾತ ಮಧುಗಿರಿಗೆ ಹೋಗಿ, ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದ್ದ. ಕೈ ಊದಿದೆ, ಕಟ್ಟು ಬಿಚ್ಚಬೇಕು, ತಕ್ಷಣ ಹೊರಟು ಬಾ ಎಂದಿತ್ತು.

ನಾನು ಅದನ್ನು ಓದಿದೆ. ಎರಡು ಸಲ ಓದಿದೆ. ಮುದುಕನಿಗೆ ಹೊಟ್ಟೆಕಿಚ್ಚು, ಹೇಗಾದರೂ ನನ್ನ ಕಟ್ಟು ಬಿಚ್ಚಿಸಬೇಕು ಅವನಿಗೆ ಎಂದುಕೊಂಡೆ. ಮಡಚಿ ಜೇಬಿಗೆ ಹಾಕಿಕೊಂಡು ಕೈ ತೊಳೆಯಲು ಹೋದೆ. ರಜೆ ಕೇಳಿದ್ದರೂ ಕೊಡುತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ನಾನು ಕೇಳಲೇ ಇಲ್ಲ. ಹೋಗುವುದೂ ಬೇಕಿರಲಿಲ್ಲ. ಬಿಚ್ಚಿ ಎಂದು ಒಂದೇ ಒಂದು ಪದ ವಾಪಸು ತಂತಿ ಕೊಟ್ಟಿದ್ದರೆ ಸಾಕಿತ್ತು. ತಂತಿ ಆಫೀಸು ಆಸ್ಪತ್ರೆಯ ಎದುರಿಗೇ ಇತ್ತು... ಭಾನುವಾರ ಬಂತು, ಹೋಯಿತು. ಅದು ಭಾನುವಾರ ಎಂದೇ ನನಗೆ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೊರರೋಗಿ ವಿಭಾಗದಲ್ಲಿ ಚೀಫ್ ಪಕ್ಕದಲ್ಲಿ ನಿಂತಿದ್ದೆ. ಸುತ್ತ ಹತ್ತು ಹನ್ನೆರಡು ವಿದ್ಯಾರ್ಥಿಗಳು. ಸಾಲಿನಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಯಾರದೋ ಕೈಯನ್ನು ತನ್ನ ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದುಕೊಂಡು ಬರುತ್ತಿದ್ದ. ಹತ್ತಿರ ಬಂದಾಗ ಅದು ತಾತ ಎಂದು ಗೊತ್ತಾಯಿತು. ಕೈ ಗೆಳೆಯನದು. ಹಿಂದೆ ಅವನ ತಾಯಿ. ಮಧುಗಿರಿಯಿಂದ ಕೊರಟಗೆರೆ ದಾಟಿ ಬೆಂಗಳೂರಿನವರೆಗೆ, ಎರಡು ಬಸ್ಸು ಬದಲಾಯಿಸಿ, ಆ ಕೈಯನ್ನು ಹಾಗೇ ಎತ್ತಿ ಹಿಡಿದು ತಂದಿದ್ದ. ದಬ್ಬೆಯ ಆಚೆಗೆ ಕಾಣುತ್ತಿದ್ದ ಬೆರಳುಗಳು ಕಪ್ಪಗೆ ಒಣಗಿದ ಹುಣಸೆಕಾಯಿಯಂತಿದ್ದವು.

ಚೀಫ್ ನನಗೆ ಕತ್ತರಿ ಕೊಟ್ಟು ಬಿಚ್ಚು ಎಂದರು. ನಾನು ಹಾಕಿದ ಗಂಟು ಹಾಗೇ ಇತ್ತು. ಮೂರು ಜನ, ನಾಲ್ಕು ದಿನ, ಒಬ್ಬರೂ ಮುಟ್ಟಿರಲಿಲ್ಲ. ಕತ್ತರಿಸಿದೆ. ಒಳಗಿನ ವಾಸನೆಗೆ ವಿದ್ಯಾರ್ಥಿಗಳು ಹಿಂದಕ್ಕೆ ಸರಿದರು. ನಿನ್ನೆಯಿಂದ ನೋವೇ ಇಲ್ಲ, ಗುಣವಾಗುತ್ತಾ ಬಂತೇನೋ ಎಂದು ತಾಯಿ ಆಸೆಯಿಂದ ಕೇಳಿದಳು. ನೋವು ನಿಂತಿದ್ದು ಯಾಕೆಂದು ನನಗೆ ಗೊತ್ತಿತ್ತು. ಚೀಫ್‌ಗೂ ಗೊತ್ತಿತ್ತು. ಅವರ ಮುಖ ಕೆಂಪಗಾಗಿ, ಯಾವನು ಇದನ್ನು ಕಟ್ಟಿದವನು ಎಂದು ಕೂಗಿದರು.

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಗೆಳೆಯ ನನ್ನ ಮುಖ ನೋಡಿದ. ತಾಯಿ ನೆಲ ನೋಡಿದಳು. ತಾತ ಒಂದು ಹೆಜ್ಜೆ ಮುಂದೆ ಬಂದ.

“ನಾನೇ ಸ್ವಾಮಿ ಕಟ್ಟಿದ್ದು.”

ಚೀಫ್ ಅವನನ್ನು ಬಾಯಿಗೆ ಬಂದಂತೆ ಬೈದರು. ಕೊಲೆಗಡುಕ ಎಂದರು, ಪೊಲೀಸರಿಗೆ ಕೊಡುತ್ತೇನೆ ಎಂದರು, ವಿದ್ಯಾರ್ಥಿಗಳ ಮುಂದೆ ಅವನನ್ನು ನಿಲ್ಲಿಸಿ ಇಂಥವರ ಮುಖ ಚೆನ್ನಾಗಿ ನೋಡಿಟ್ಟುಕೊಳ್ಳಿ ಎಂದರು. ತಾತ ಕೈಮುಗಿದು ನಿಂತಿದ್ದ. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ತಿರುಗಿದರೆ ಯಾರಿಗಾದರೂ ಅನುಮಾನ ಬಂದೀತು ಎಂದು ಅವನಿಗೆ ಅನ್ನಿಸಿರಬೇಕು. ಕ್ಯಾಮೆರಾ ತರಿಸಿ ಕೈಯ ಫೋಟೋ ತೆಗೆದರು. ಮಧ್ಯಾಹ್ನವೇ ಆಪರೇಷನ್. ಮೊಣಕೈಯ ಕೆಳಗೆ ಕತ್ತರಿಸಿದರು. ಆ ಕೈ ಹಿಡಿದುಕೊಂಡು ನಿಂತವನು ನಾನು. ಬೇರೆಯಾದಾಗ ಅದರ ಭಾರ ನನ್ನ ಕೈಗೆ ಬಂತು... ಅಷ್ಟು ಭಾರವಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಅಲ್ಲಿಂದ ಹೊರಗೆ ಬಂದು ಸಿಂಕಿನ ಮುಂದೆ ಕೈ ತೊಳೆಯುತ್ತಲೇ ನಿಂತೆ. ಊಟ ಮಾಡಿಲ್ಲ ಪಾಪ ಎಂದು ನರ್ಸೊಬ್ಬರು ಟೀ ತಂದುಕೊಟ್ಟರು.

ಸಂಜೆ ವಾರ್ಡಿನಲ್ಲಿ ತಾಯಿ ನನಗೆ ಪಿಸುಮಾತಿನಲ್ಲಿ ಹೇಳಿದಳು. ಶುಕ್ರವಾರ ಸಂಜೆಯೇ ತಾತ ಬಿಚ್ಚುತ್ತೇನೆಂದು ಬಂದಿದ್ದನಂತೆ. ಡಾಕ್ಟರು ಬೇಡವೆಂದಿದ್ದಾರೆ ಎಂದು ಇವಳೇ ಅಡ್ಡ ನಿಂತಳಂತೆ. ಶನಿವಾರ ಅವನು ತಂತಿ ಕೊಟ್ಟು ಬಂದ. ಭಾನುವಾರ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ರಸ್ತೆಯಲ್ಲಿ ನಿಂತು ಪ್ರತಿ ಬಸ್ಸನ್ನೂ ನೋಡಿದ. ಬರುವಾಗ ಬಸ್ಸಿನಲ್ಲಿ, ಕಟ್ಟಿದ್ದು ತಾನೇ ಎಂದು ಹೇಳುವುದಾಗಿಯೂ ಇಬ್ಬರೂ ಬಾಯಿ ಬಿಡಬಾರದೆಂದೂ ಆಣೆ ಮಾಡಿಸಿಕೊಂಡನಂತೆ. ಮಧುಗಿರಿಯ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ. ಉತ್ತರ ನಾನೇ ಹೇಳಿಕೊಟ್ಟಿದ್ದೆನಲ್ಲ.

ಒಂದು ತಿಂಗಳ ಮೇಲೆ ಹಟ್ಟಿಗೆ ಹೋಗಲು ಸಾಧ್ಯವಾಯಿತು. ಎಲ್ಲರ ಮುಂದೆ ಹೇಳಿಬಿಡಬೇಕೆಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಅಷ್ಟರಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಸುದ್ದಿ ಹಬ್ಬಿತ್ತು, ಕಟ್ಟಿನ ತಾತ ಒಬ್ಬನ ಕೈ ತೆಗೆಸಿದ ಎಂದು. ಗುಡಿಸಲ ಮುಂದೆ ಸದಾ ನಿಂತಿರುತ್ತಿದ್ದ ಗಾಡಿಗಳು ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿದ್ದವನು ತಾತ. ಅವನು ಹುಣಸೆಹಣ್ಣಿನ ಬೀಜ ಕುಟ್ಟಿ ತೆಗೆಯುತ್ತಾ ಕೂತಿದ್ದ. ನಾನು ಕಾಲು ಹಿಡಿದುಕೊಂಡೆ. ಕಟ್ಟಿದ್ದು ನಾನೇ ಎಂದು ಹಟ್ಟಿಯವರನ್ನೆಲ್ಲ ಸೇರಿಸಿ ಹೇಳುತ್ತೇನೆ ಎಂದೆ. ಅವನು ಕಾಲು ಬಿಡಿಸಿಕೊಂಡು, ಕುಟ್ಟುವುದನ್ನು ನಿಲ್ಲಿಸಿದ.

“ನನ್ ತಾವ ಇನ್ಯಾರೂ ಬರಲ್ಲ ಮಗ, ಅದು ಮುಗೀತು. ನೀನು ಹೇಳ್ಬುಟ್ರೆ ನಿನ್ ತಾವನೂ ಬರಲ್ಲ. ಆಮೇಲೆ ಮೂಳೆ ಮುರ್ಕಂಡೋರು ಎಲ್ಲಿಗೋಗ್ಬೇಕ್ಲಾ?”

ನನ್ನನ್ನು ಉಳಿಸಲಿಕ್ಕೆ ಅವನು ಸುಳ್ಳು ಹೇಳಿದನೆಂದು ತಿಳಿದಿದ್ದೆ. ಪ್ರೀತಿ ಇರಬಹುದು, ಕ್ಷಮೆ ಇರಬಹುದು ಎಂದುಕೊಂಡಿದ್ದೆ. ಅವನ ಲೆಕ್ಕದಲ್ಲಿ ನಾನು ಅಷ್ಟು ದೊಡ್ಡವನೇ ಆಗಿರಲಿಲ್ಲ. ಮರದಿಂದ ಇನ್ನೂ ಬೀಳಲಿರುವವರು ಅವನ ಕಣ್ಣ ಮುಂದಿದ್ದರು. ಅವನು ಮತ್ತೆರಡು ಹಣ್ಣು ಕುಟ್ಟಿ ಬೀಜ ತೆಗೆದು, ಒಂದು ಮಾತು ಕೇಳುತ್ತೇನೆ ಎಂದ.

“ಆ ತಂತಿ ನಿಂಗೆ ಮುಟ್ಲಿಲ್ಲ ಅಲ್ವಾ?”

ತಪ್ಪು ಒಪ್ಪಿಕೊಳ್ಳಲೆಂದೇ ಬಂದವನು ನಾನು. ಕಾಲು ಹಿಡಿದು ಎದ್ದವನು. ಆದರೂ ಆ ಮುಖ ನೋಡಿದಾಗ ಬಾಯಿಂದ ಬಂದದ್ದು ಬೇರೆ.

“ಇಲ್ಲ ತಾತ.”

“ಅದೇ ಅಂದೆ ನಾನು ಅವ್ರಿಗೆ. ಮುಟ್ಟಿದ್ರೆ ನೀನು ಓಡ್ಬಂದ್ಬುಡ್ತಿದ್ದೆ ಕಣ್ಲಾ.”

ಆ ಒಂದು ತಿಂಗಳಲ್ಲಿ ಅವನ ಮುಖ ಹಗುರಾದದ್ದು ಆಗಲೇ ಎಂದು ಕಾಣುತ್ತದೆ. ಎದ್ದು ಒಳಗೆ ಹೋಗಿ, ತನ್ನ ದಬ್ಬೆಗಳ ಕಂತೆಯನ್ನು ಒಲೆಯ ಪಕ್ಕದ ಸೌದೆಯ ಮೇಲೆ ಹಾಕಿ, ನನಗೆ ಮಜ್ಜಿಗೆ ತಂದುಕೊಟ್ಟ. ನಾನು ಕುಡಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಬಗ್ಗೆ ನನಗೇ ಹೇಸಿಗೆ.

ಪರೀಕ್ಷೆ ಪಾಸಾಯಿತು. ಚೀಫ್ ತೆಗೆಸಿದ ಫೋಟೋ ಸ್ಲೈಡಾಯಿತು. ಹಳ್ಳಿ ಕಟ್ಟಿನ ಫಲ ಎಂದು ಅವರು ಪ್ರತಿವರ್ಷ ಪಾಠ ಮಾಡುವಾಗ, ಕತ್ತಲ ಕೋಣೆಯಲ್ಲಿ ಪ್ರೊಜೆಕ್ಟರಿಗೆ ಆ ಸ್ಲೈಡು ಹಾಕುತ್ತಿದ್ದವನು, ಅಲ್ಲಿ ಟ್ಯೂಟರಾಗಿದ್ದಷ್ಟು ದಿನ, ನಾನೇ. ಆಮೇಲೆ ಮಧುಗಿರಿಗೆ ಬಂದು ಬೋರ್ಡು ಹಾಕಿದೆ. ತಾತ ಹೇಳಿದ್ದು ನಿಜವಾಯಿತು, ಶಿರಾದಿಂದ ಪಾವಗಡದವರೆಗೆ ಮೂಳೆ ಮುರಿದವರೆಲ್ಲ ನನ್ನ ಬಾಗಿಲಿಗೆ ಬಂದರು. ಕಟ್ಟಿದ ಪ್ರತಿಯೊಬ್ಬರಿಗೂ, ಬೆರಳು ಊದಿದರೆ ಯಾರಾದರೂ ಸರಿ, ಕೈಗೆ ಸಿಕ್ಕಿದ ಕತ್ತರಿಯಿಂದ ಕತ್ತರಿಸಿಹಾಕಿ ಎಂದು ಎರಡು ಮೂರು ಸಲ ಹೇಳುತ್ತೇನೆ. ಡಾಕ್ಟರಿಗೆ ಅರಳುಮರಳು ಎಂದು ಕಾಂಪೌಂಡರ್ ನಗುತ್ತಾನೆ.

ತಾತ ಎಂಬತ್ತರ ದಶಕದ ನಡುವೆ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಸೊಂಟ ಮುರಿದು ಮಲಗಿದ್ದ, ನಾನೇ ಹೋಗಿ ನೋಡಿಕೊಳ್ಳುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಬೇಕು ಎಂದುಕೊಂಡು ಹೋಗಿ, ಉಗುರು ಒತ್ತಿ ನೋಡಿ, ಮಾತ್ರೆ ಕೊಟ್ಟು ವಾಪಸು ಬರುತ್ತಿದ್ದೆ. ಗೆಳೆಯ ಮಗ್ಗ ಬಿಟ್ಟು ಕುರಿಗಳ ಹಿಂದೆ ಹೋದ. ಸಿಕ್ಕಿದಾಗಲೆಲ್ಲ ನನ್ನ ಹೆಗಲ ಮೇಲೆ ಎಡಗೈ ಹಾಕಿ ಮಾತಾಡುತ್ತಿದ್ದ, ತನ್ನ ಕೈ ತಿಂದವರು ತಂತಿ ಆಫೀಸಿನವರು ಎಂದು ಬೈಯುತ್ತಿದ್ದ. ಒಂದು ದಿನವೂ ನಾನು ಅವನನ್ನು ತಡೆಯಲಿಲ್ಲ. ಹೋದ ಆಷಾಢದಲ್ಲಿ ಅವನೂ ಹೋದ. ಮಣ್ಣಿಗೆ ಹೋದಾಗ ಅವನ ಮಗ, ನೀವಿದ್ದಿರಿ ಅಂತ ಅಪ್ಪ ಒಂದು ಕೈಯಲ್ಲೇ ಧೈರ್ಯವಾಗಿ ಬದುಕಿದ ಸಾರ್ ಎಂದು ಅತ್ತ. ನಾನು ಅವನ ಬೆನ್ನು ಸವರಿದೆ.

ಈಗ ಕೇಳಬೇಕಾಗಿದ್ದ ಇಬ್ಬರೂ ಇಲ್ಲ. ಹೇಳಲು ಹೆದರಬೇಕಾದ ಕಾರಣವೂ ಒಂದೂ ಉಳಿದಿಲ್ಲ, ಅದೇ ನಾಚಿಕೆಗೇಡು. ಪಾವಗಡದ ಆ ಹೆಂಗಸಿಗೆ ಇನ್ನೊಬ್ಬರು ಕಟ್ಟಿದ ಕಟ್ಟನ್ನು ಬೈಯದೆ ಕಳಿಸಿದ ದಿನ ಮನೆಗೆ ಬಂದು ಊಟಕ್ಕೆ ಕೂರಲಾಗದೆ ಇದನ್ನು ಬರೆಯಲು ಶುರುಮಾಡಿದೆ. ತಂತಿ ಮುಟ್ಟಿತ್ತು ತಾತ. ಶನಿವಾರ ಮಧ್ಯಾಹ್ನವೇ ಮುಟ್ಟಿತ್ತು. ಎರಡು ಸಲ ಓದಿ ಜೇಬಿಗೆ ಹಾಕಿಕೊಂಡೆ.